ಘಾಟಿಯಾಚೆ ಗೋವಾ, ಪರದೆ ಮೇಲೆ 999

2014ರ ಆಗಸ್ಟ್ 1. ಅಮೆರಿಕದಲ್ಲಿ ಒಂದು ಸಿನಿಮಾ ಬಿಡುಗಡೆ ಆಯ್ತು. ಹೆಸರು ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’. ಕಥೆ ನಡೆಯೋದು ನಕ್ಷತ್ರಗಳಾಚೆ. ಮಾತಾಡೋ ರಕೂನ್ ಇದೆ, ನಡೆದಾಡೋ ಮರ ಇದೆ, ಆಕಾಶದಲ್ಲಿ ಯುದ್ಧ ಇದೆ. ಇಷ್ಟೆಲ್ಲ ಇದ್ದೂ ನಾಯಕನ ಸೊಂಟದಲ್ಲಿ ಏನಿದೆ ಗೊತ್ತಾ? ಒಂದು ಹಳೇ ವಾಕ್‌ಮನ್. ಅದರೊಳಗೆ ತೀರಿಹೋದ ಅಮ್ಮ ಮಾಡಿಕೊಟ್ಟ ಕ್ಯಾಸೆಟ್. ಅದರ ತುಂಬ ಅರವತ್ತು, ಎಪ್ಪತ್ತರ ದಶಕದ ಹಾಡುಗಳು. ಸಿನಿಮಾ ಜಗತ್ತಿನಾದ್ಯಂತ ಗಳಿಸಿದ್ದು 77 ಕೋಟಿ ಡಾಲರ್‌ಗೂ ಹೆಚ್ಚು. ಹೊಸ ಹಾಡು ಒಂದೂ ಇಲ್ಲದ ಅದರ ಹಾಡುಗಳ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿಬಿಡ್ತು.

ವಿಜ್ಞಾನದ ಕಥೆ, ನಗು, ಜೊತೆಗೆ ಹಳೇ ಹಾಡು. ಆಹಾ, ಎಂಥ ಹೊಸ ಪ್ರಯೋಗ ಅಂದ್ರು ಪಂಡಿತರು. ಹೊಸದಾ? ಹಳಿಯಾಳ ತಾಲೂಕಿನ ತೇರಗಾಂವದ ಕಡೆ ನಿಂತು ನೋಡಿದ್ರೆ ಹಾಗೆ ಅನ್ನಿಸಲ್ಲ. ಯಾಕೆ ಅಂತ ಹೇಳ್ತೀನಿ. ಅದಕ್ಕೆ ಸ್ವಲ್ಪ ಇತಿಹಾಸಕ್ಕೆ ಹೋಗಬೇಕು.

ಮೊದಲು ಊರು ನೋಡಿ. ಹೆಸರಿನಲ್ಲೇ ‘ಗಾಂವ’ ಇದೆ. ಈ ಭಾಗದಲ್ಲಿ ಒಂದೇ ಸಂತೆಯಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು ನಾಲ್ಕೂ ಕೇಳಿಸುತ್ತೆ. ಕಾಡಿನಂಚಿನ ಸಿದ್ದಿಯರ ಮನೆಗಳಲ್ಲಿ ಅವರದೇ ಬಗೆಯ ಕೊಂಕಣಿ. 1862ರಲ್ಲಿ ಉತ್ತರ ಕನ್ನಡವನ್ನು ಬ್ರಿಟಿಷರು ಮದ್ರಾಸಿನಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಅಂಟಿಸಿದ್ರು. ತೊಂಬತ್ತಕ್ಕೂ ಹೆಚ್ಚು ವರ್ಷ ಈ ಜನರ ಆಡಳಿತದ ರಾಜಧಾನಿ ಮುಂಬೈ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದ್ರು. ಅದೇ ಸುಮಾರಿಗೆ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಬಂತು. ಅದರ ಹಿಂದೆ ಹತ್ತಾರು ಕಡೆಯ ಕಾರ್ಮಿಕರು, ಹತ್ತಾರು ಭಾಷೆಗಳು ಬಂದ್ವು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಸರ್ಕಾರದ ನಕಾಶೆ 1956ರಲ್ಲಿ ಬದಲಾಯ್ತು, ಹಿಂದಿ ಸಿನಿಮಾ ವ್ಯಾಪಾರದ ನಕಾಶೆ ಬದಲಾಗಲೇ ಇಲ್ಲ. ಹಿಂದಿ ಚಿತ್ರಗಳ ಹಂಚಿಕೆದಾರರ ಲೆಕ್ಕದಲ್ಲಿ ಮುಂಬೈ ಕರ್ನಾಟಕ ಆಮೇಲೂ ‘ಬಾಂಬೆ ಸರ್ಕ್ಯೂಟ್’ ಒಳಗೇ ಇತ್ತು. ‘ಮೈಸೂರು’ ಅಂದ್ರೆ ಅವರ ಪ್ರಕಾರ ಬೇರೆ ಪ್ರದೇಶ. ಅಂದ್ರೆ ತಹಶೀಲ್ದಾರ್ ಕಚೇರಿಯ ಕಾಗದ ಬೆಂಗಳೂರಿಗೆ ಹೋಗ್ತಾ ಇತ್ತು, ಹಿಂದಿ ಸಿನಿಮಾದ ಡಬ್ಬಿ ಮುಂಬೈ ಲೆಕ್ಕದಲ್ಲೇ ಬರ್ತಾ ಇತ್ತು. ಇಂಥ ಊರುಗಳಲ್ಲಿ ಕನ್ನಡ ಸಿನಿಮಾ ಜಾಗ ಮಾಡಿಕೊಂಡದ್ದು ಸುಮ್ಮನೆ ಅಲ್ಲ ಸ್ವಾಮಿ.

ಈಗ 1968ಕ್ಕೆ ಬನ್ನಿ.

ಅಲ್ಲೀವರೆಗೆ ರಾಜಕುಮಾರ್ ಅಂದ್ರೆ ಯಾರು? 1954ರ ಬೇಡರ ಕಣ್ಣಪ್ಪ. 1960ರ ಕನಕದಾಸ, ಅದೇ ವರ್ಷದ ರಣಧೀರ ಕಂಠೀರವ. 1965ರ ಸತ್ಯ ಹರಿಶ್ಚಂದ್ರ. 1966ರ ಮಂತ್ರಾಲಯದ ರಾಘವೇಂದ್ರ ಸ್ವಾಮಿ. ಜನ ಕೈ ಮುಗಿದು ನೋಡ್ತಾ ಇದ್ದ ಮನುಷ್ಯ. ಅಂಥವರಿಗೆ ದೊರೈ-ಭಗವಾನ್ ಜೋಡಿ ಕೋಟು ಹಾಕಿಸಿತು, ಕೈಗೆ ಪಿಸ್ತೂಲು ಕೊಟ್ಟಿತು, ಸಿಐಡಿ 999 ಅಂತ ನಂಬರು ಕೊಟ್ಟಿತು. ಸಿನಿಮಾ ‘ಜೇಡರ ಬಲೆ’. ಜಯಂತಿ ನಾಯಕಿ, ಜಿ.ಕೆ. ವೆಂಕಟೇಶ್ ಸಂಗೀತ.

ಭಾರತದ ಮೊದಲ ಬಾಂಡ್ ಸಿನಿಮಾ ಇದೇ ಅಂತ ಅಭಿಮಾನದಿಂದ ಹೇಳೋರು ಇದ್ದಾರೆ. ಅಭಿಮಾನ ಸರಿ, ಲೆಕ್ಕ ಸರಿಯಲ್ಲ. ತೆಲುಗಿನ ‘ಗೂಢಚಾರಿ 116’ ಬಂದದ್ದು 1966ರಲ್ಲಿ, ಹಿಂದಿಯ ‘ಫರ್ಜ್’ 1967ರಲ್ಲಿ. ಕನ್ನಡದ ದೊಡ್ಡಸ್ತಿಕೆ ಬೇರೆ ಕಡೆ ಇದೆ. ಬೇರೆ ಭಾಷೆಯವರು ಬಾಂಡ್ ವೇಷ ಹಾಕಿಸಿದ್ದು ಯುವ ನಾಯಕರಿಗೆ. ನಾವು ಹಾಕಿಸಿದ್ದು ಹರಿಶ್ಚಂದ್ರನಿಗೆ! ಹರಿಶ್ಚಂದ್ರ ಪಿಸ್ತೂಲು ಹಿಡಿದ್ರೆ ಪ್ರೇಕ್ಷಕ ಏನು ಮಾಡ್ತಾನೆ? ಬೆಚ್ಚಿ ಬೀಳ್ತಾನೆ, ಆಮೇಲೆ ನಗ್ತಾನೆ, ಆಮೇಲೆ ಶಿಳ್ಳೆ ಹೊಡೀತಾನೆ. ಕನ್ನಡದ ಪ್ರೇಕ್ಷಕ ಒಪ್ಪಿದ ಅನ್ನೋದಕ್ಕೆ ಸಾಕ್ಷಿ ಬೇಕಾ? ಅದೇ 1968ರಲ್ಲೇ ಎರಡನೇ ಸಿನಿಮಾ ಬಂತು. 1969ರಲ್ಲಿ ಮೂರನೆಯದು, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’. ಮುಂದೆ ಹಿಂದಿ ಚಿತ್ರರಂಗ ಆಳಿದ ರೇಖಾ ನಾಯಕಿಯಾಗಿ ಮೊದಲು ಕಾಣಿಸಿದ್ದು ಆ ಕನ್ನಡ ಸಿನಿಮಾದಲ್ಲೇ.

‘ಜೇಡರ ಬಲೆ’ಯಲ್ಲಿ ಎಲ್ಲರೂ ಬೆನ್ನು ಹತ್ತೋದು ಒಂದು ವೈಜ್ಞಾನಿಕ ಸೂತ್ರವನ್ನು. ಸಾಮಾನ್ಯ ಲೋಹವನ್ನು ಚಿನ್ನ ಮಾಡುವ ಸೂತ್ರ. ಇವತ್ತು ಕೇಳಿದ್ರೆ ಮಕ್ಕಳ ಕಥೆ ಅನ್ನಿಸುತ್ತೆ. ಆದರೆ 1968ರಲ್ಲಿ ಕೂತು ಕೇಳಿ ನೋಡಿ.

ಚೀನಾ ಯುದ್ಧದ ಮರುವರ್ಷ, 1963ರ ಜನವರಿಯಲ್ಲಿ, ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ ಚಿನ್ನದ ನಿಯಂತ್ರಣ ತಂದ್ರು. 14 ಕ್ಯಾರೆಟ್‌ಗಿಂತ ಶುದ್ಧವಾದ ಒಡವೆ ಮಾಡುವ ಹಾಗಿಲ್ಲ ಅಂದ್ರು. ಅಕ್ಕಸಾಲಿಗರ, ಪತ್ತಾರರ ಕುಲುಮೆ ಆರಿತು. ಮದುವೆ ಮನೆಯಲ್ಲಿ ತಾಳಿಯ ಚಿನ್ನದ ಬಗ್ಗೆ ಪಿಸುಮಾತು ಶುರುವಾಯ್ತು. ಆ 14 ಕ್ಯಾರೆಟ್ ನಿಯಮ 1966ರಲ್ಲಿ ಸಡಿಲ ಆಯ್ತು, ನಿಜ. ಆದರೆ ‘ಜೇಡರ ಬಲೆ’ ಬಂದ ವರ್ಷವೇ, 1968ರಲ್ಲಿ, ಚಿನ್ನ ನಿಯಂತ್ರಣ ಕಾಯ್ದೆ ಅಂತಲೇ ಬಂತು. ಚಿನ್ನದ ಗಟ್ಟಿ, ನಾಣ್ಯ ಜನಸಾಮಾನ್ಯರು ಇಟ್ಟುಕೊಳ್ಳೋದೇ ಅಪರಾಧ. ಆ ಕಾಯ್ದೆ ಹೋದದ್ದು 1990ರಲ್ಲಿ. ಈಗ ಹೇಳಿ, ಇಂಥ ಕಾಲದಲ್ಲಿ ಪರದೆ ಮೇಲೆ ಒಬ್ಬ ವಿಜ್ಞಾನಿ ಲೋಹವನ್ನು ಚಿನ್ನ ಮಾಡ್ತೀನಿ ಅಂದ್ರೆ ಅದು ಬರೀ ತಮಾಷೆನಾ? ನಗು ಬರುತ್ತೆ, ಆ ನಗುವಿನ ತಳದಲ್ಲಿ ಮನೆಯ ಸಂಕಟವೂ ಇರುತ್ತೆ.

ಎರಡನೇ ಸಿನಿಮಾದ ಹೆಸರು ‘ಗೋವಾದಲ್ಲಿ ಸಿಐಡಿ 999’. ಲಕ್ಷ್ಮಿ ಕನ್ನಡಕ್ಕೆ ಬಂದದ್ದು ಇದರಲ್ಲಿ. ಬೆಂಗಳೂರಿನವರಿಗೆ ಗೋವಾ ಅಂದ್ರೆ ದೂರದ ರಮ್ಯ ದೇಶ. ಹಳಿಯಾಳ, ಜೋಯಿಡಾ ಕಡೆಯವರಿಗೆ? ಅನಮೋಡ ಘಾಟಿ ಇಳಿದ್ರೆ ಗೋವಾ. ಅವರ ಪಾಲಿಗೆ ಅದು ಪಕ್ಕದ ಮನೆ. ಮತ್ತೆ ಆ ಪಕ್ಕದ ಮನೆ 1961ರ ಡಿಸೆಂಬರ್ 19ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು!

ಇವತ್ತು ಪ್ರವಾಸಿಗರು ಮಳೆ ನೋಡೋಕೆ ಹೋಗುವ ಕ್ಯಾಸಲ್‌ರಾಕ್ ಇದೆಯಲ್ಲ, ಅದು ನಮ್ಮ ಜೋಯಿಡಾ ತಾಲೂಕಿನದು. ಅದೇ ಅಂತಾರಾಷ್ಟ್ರೀಯ ಗಡಿಯ ರೈಲು ನಿಲ್ದಾಣ ಆಗಿತ್ತು. 1880ರ ದಶಕದ ಕೊನೆಗೆ ಮುರಗಾಂವ್ ರೈಲು ದಾರಿ ಓಡಾಟ ಶುರು ಮಾಡಿದ ಮೇಲೆ ಆ ಗುಡ್ಡದ ಮೇಲೆ ಸುಂಕದವರು ಗಂಟು ಮೂಟೆ ಬಿಚ್ಚಿಸಿ ನೋಡ್ತಾ ಇದ್ರು. 1955ರಲ್ಲಿ ಭಾರತ ಗೋವಾಕ್ಕೆ ಆರ್ಥಿಕ ದಿಗ್ಬಂಧನ ಹಾಕಿತು, ದಾರಿ ಬಂದ್ ಆಯ್ತು. ದಾರಿ ಬಂದ್ ಆದ್ರೆ ಏನಾಗುತ್ತೆ? ಕಾಡುದಾರಿ ತೆರೆಯುತ್ತೆ. ಕಳ್ಳಸಾಗಣೆ ಅನ್ನೋದು ಈ ಕಡೆಯ ಜನಕ್ಕೆ ಸಿನಿಮಾದಿಂದ ಕಲಿಯಬೇಕಾದ ಪದ ಆಗಿರಲಿಲ್ಲ.

ಗೋವಾ ಬಿಡುಗಡೆಯಾಗಿ ಬರೀ ಏಳು ವರ್ಷ. ಅಷ್ಟರಲ್ಲಿ ಒಬ್ಬ ಕನ್ನಡದ ಅಧಿಕಾರಿ ಗೋವಾಕ್ಕೆ ಹೋಗಿ ಕೇಡಿಗಳನ್ನು ಹಿಡೀತಾನೆ ಅಂತ ಪೋಸ್ಟರ್ ಬಂದ್ರೆ, ಗಡಿಯ ಮನುಷ್ಯ ಅದನ್ನು ಓದೋ ರೀತಿಯೇ ಬೇರೆ. ಮುಂಬೈ ಪ್ರಾಂತ್ಯದ ಅಂಚಿನಲ್ಲಿ ಇದ್ದವನು, ಮೈಸೂರು ರಾಜ್ಯದ ಅಂಚಿಗೆ ಬಂದವನು. ಎಲ್ಲಿಗೆ ಹೋದರೂ ಅಂಚು. ಪರದೆ ಮೇಲೆ ಮಾತ್ರ ಕಥೆ ಅವನ ಅಂಗಳದಾಚೆಯೇ ನಡೀತಾ ಇದೆ. ಅದೂ ಕನ್ನಡದಲ್ಲಿ.

ಇವನ್ನೆಲ್ಲ ಆ ಕಾಲದ ಹಳ್ಳಿಗರು ನೋಡ್ತಾ ಇದ್ದದ್ದು ಹೇಗೆ? ಇವತ್ತಿನ ಹುಡುಗರಿಗೆ ಹೇಳಬೇಕು. ಪಟ್ಟಣದಲ್ಲಿ ಓಡಿ ಸವೆದ ಪ್ರಿಂಟು ತಾಲೂಕಿಗೆ ಬರ್ತಾ ಇದ್ದದ್ದು ತಿಂಗಳುಗಳಾದ ಮೇಲೆ. ಆಮೇಲೆ ಸಂತೆ, ಜಾತ್ರೆ ಅಂತ ಟೂರಿಂಗ್ ಟಾಕೀಸಿಗೆ. ತಗಡು ಡಬ್ಬಿಯಲ್ಲಿ ರೀಲು ಬಸ್ಸಿನ ಮೇಲೆ ಬರಬೇಕು. ಟೆಂಟಿನಲ್ಲಿ ಸಾಮಾನ್ಯವಾಗಿ ಇರೋದು ಒಂದೇ ಪ್ರೊಜೆಕ್ಟರ್. ಸಾವಿರ ಅಡಿಯ ರೀಲು ಹನ್ನೊಂದು ನಿಮಿಷಕ್ಕೆ ಮುಗಿಯುತ್ತೆ, ಎರಡು ಸಾವಿರ ಅಡಿಯದು ಇಪ್ಪತ್ತೆರಡು ನಿಮಿಷಕ್ಕೆ. ರೀಲು ಬದಲಿಸುವಾಗ ದೀಪ ಹತ್ತಿಸ್ತಾರೆ. ಕೇಡಿ ನಾಯಕನ ಹಿಂದೆ ಬಂದು ನಿಂತಿದ್ದಾನೆ, ಅಷ್ಟರಲ್ಲಿ ದೀಪ!

ಆ ಮೂರು ನಾಲ್ಕು ನಿಮಿಷ ಇದೆಯಲ್ಲ, ಅದೇ ಪ್ರೇಕ್ಷಕರ ನಿಜವಾದ ಸಿನಿಮಾ. ಶೇಂಗಾ, ಗೋಲಿ ಸೋಡಾ, ನೆಲದವರ ಶಿಳ್ಳೆ, ಕುರ್ಚಿಯವರ ಗದರಿಕೆ. ಮುಂದೆ ಏನಾಗುತ್ತೆ ಅಂತ ವಾದ. ಈ ಕಡೆಯ ಟೆಂಟಿನಲ್ಲಿ ಆ ವಾದ ಯಾವ ಭಾಷೆಯಲ್ಲಿ ನಡೆದೀತು? ಮರಾಠಿಯಲ್ಲಿ, ಕೊಂಕಣಿಯಲ್ಲಿ, ಉರ್ದುವಿನಲ್ಲಿ, ಕನ್ನಡದಲ್ಲಿ. ದೀಪ ಆರಿದ ಮೇಲೆ ನಗು ಮಾತ್ರ ಒಂದೇ. 1956ರ ಗೆಜೆಟ್ ಮಾಡೋಕೆ ಆಗದ ಕೆಲಸದಲ್ಲಿ ಒಂದು ಪಾಲನ್ನು ಈ ನಗು ಮಾಡಿತು ಅಂತ ನಾನು ನಂಬ್ತೀನಿ. ಆದೇಶ ಹೊರಡಿಸಿ ಕನ್ನಡವನ್ನು ಕಲಿಸಬಹುದು, ಕನ್ನಡದಲ್ಲಿ ನಗಿಸೋಕೆ ಆಗಲ್ಲ.

ಹಾಡಿನ ಕಥೆಗೆ ಬರೋಣ. 1978. ಒಂಬತ್ತು ವರ್ಷದ ಮೇಲೆ 999 ಮತ್ತೆ ಬಂದ, ‘ಆಪರೇಷನ್ ಡೈಮಂಡ್ ರಾಕೆಟ್’. ನೇಪಾಳದ ಚಿತ್ರೀಕರಣ, ಪದ್ಮಪ್ರಿಯಾ ನಾಯಕಿ, ಮತ್ತೆ ಜಿ.ಕೆ. ವೆಂಕಟೇಶ್. ಅಷ್ಟರಲ್ಲಿ ಒಂದು ಬದಲಾವಣೆ ಆಗಿತ್ತು. ಮೊದಲೆಲ್ಲ ರಾಜಕುಮಾರ್ ತುಟಿಗೆ ಪಿ.ಬಿ. ಶ್ರೀನಿವಾಸ್ ಕಂಠ. 1974ರ ‘ಸಂಪತ್ತಿಗೆ ಸವಾಲ್’ ಸಿನಿಮಾದ ಎಮ್ಮೆ ಹಾಡಿನ ಮೇಲೆ ಅಣ್ಣಾವ್ರು ತಾವೇ ಹಾಡೋಕೆ ಶುರು ಮಾಡಿದ್ರು. 1978ರ ಈ ಸಿನಿಮಾದಲ್ಲಿ ಅವರು ಹಾಡಿದ್ದು ಇಂಗ್ಲಿಷ್ ಹಾಡು! ಗಾಜನೂರಿನ ಮನುಷ್ಯ, ಶಾಲೆ ನೋಡಿದ್ದು ಕೆಲವೇ ವರ್ಷ, ಗುಬ್ಬಿ ಕಂಪನಿಯಲ್ಲಿ ಬೆಳೆದವರು.

ಆ ಹಾಡಿಗೆ ಎರಡು ಜನ್ಮ. ಮೊದಲ ಜನ್ಮದಲ್ಲಿ ಅದು ಬೆರಗು. ನಮ್ಮವನು ಇಂಗ್ಲಿಷ್ ಹಾಡಿದ ಅನ್ನೋ ಹೆಮ್ಮೆ. ನಾಲ್ಕು ವರ್ಷದ ಮೇಲೆ, 1982ರಲ್ಲಿ, ಅದೇ ರಾಜಕುಮಾರ್ ಗೋಕಾಕ್ ಚಳವಳಿಗೆ ಇಳಿದು ಕನ್ನಡಕ್ಕೆ ಮೊದಲ ಸ್ಥಾನ ಬೇಕು ಅಂದಾಗ ಇದರಲ್ಲಿ ಯಾರಿಗೂ ವಿರೋಧಾಭಾಸ ಕಾಣಲಿಲ್ಲ. ಕಾಣಬೇಕಾದ್ದೂ ಇಲ್ಲ. ತಾಯಿಭಾಷೆ ಗಟ್ಟಿ ಇದ್ದವನು ಪರಭಾಷೆಯಲ್ಲಿ ಆಟ ಆಡಬಲ್ಲ. ಎರಡನೇ ಜನ್ಮ ಇಂಟರ್ನೆಟ್ ಬಂದ ಮೇಲೆ. ಯಾರೋ ಆ ತುಣುಕು ಹಾಕಿದ್ರು, ಕನ್ನಡವೇ ಬಾರದವರೂ ಹಂಚಿದ್ರು, ನಕ್ಕರು. ಮೊದಲು ಕೆಲವರು ನಕ್ಕದ್ದು ಅಣಕದಿಂದ. ಆಮೇಲೆ ಏನಾಯ್ತು? ನಗ್ತಾ ನಗ್ತಾ ಗುನುಗೋಕೆ ಶುರು ಮಾಡಿದ್ರು. ಅಣಕ ಕರಗಿತು, ಹಾಡು ಉಳಿಯಿತು.

ಇಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು. 2014ರ ಅಮೆರಿಕದ ಸಿನಿಮಾ ಹಳೇ ಹಾಡನ್ನು ಬೇಕೆಂದೇ ತಂದು ಇಟ್ಟಿತು. ನಮ್ಮ 999ರ ಹಾಡುಗಳು ಆ ಕಾಲಕ್ಕೆ ಹೊಚ್ಚ ಹೊಸವು, ವರ್ಷಗಳೇ ಅವನ್ನು ಹಳೆಯದು ಮಾಡಿದವು. ಆದರೆ ಹಾಡು ಮಾಡುವ ಕೆಲಸ ಎರಡೂ ಕಡೆ ಒಂದೇ. ಕಥೆ ವಿಚಿತ್ರ ಆದಷ್ಟೂ ಪ್ರೇಕ್ಷಕನಿಗೆ ಹಿಡಿದುಕೊಳ್ಳೋಕೆ ಒಂದು ಕೈ ಬೇಕು, ಆ ಕೈ ಕೊಡೋದು ಹಾಡು. ತೆಲುಗಿನ ‘ಆದಿತ್ಯ 369’ ನೋಡಿ, 1991. ಕಾಲಯಂತ್ರ ಹತ್ತಿದವರು ಇಳಿಯೋದು ನಮ್ಮ ಕೃಷ್ಣದೇವರಾಯನ ಆಸ್ಥಾನದಲ್ಲಿ. ಸಂಗೀತ ಇಳಯರಾಜ. ಆ ಇಳಯರಾಜ ಯಾರ ಬಳಿ ಸಹಾಯಕರಾಗಿ ಪಳಗಿದ್ದು? ಇದೇ ಜಿ.ಕೆ. ವೆಂಕಟೇಶ್ ಬಳಿ. ನಿರ್ದೇಶಕ ಸಿಂಗೀತಂ ಶ್ರೀನಿವಾಸರಾವ್, ರಾಜಕುಮಾರ್‌ಗೆ ‘ಹಾಲು ಜೇನು’ ಮಾಡಿದವರು. ದಾರ ಎಲ್ಲಿಂದ ಎಲ್ಲಿಗೆ ಬಂತು ನೋಡಿ.

ಈಗ ಸ್ವಲ್ಪ ಕಹಿ ಮಾತು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’, 1934. ಅದರ ಒಂದು ಪ್ರಿಂಟೂ ಇವತ್ತು ನಮ್ಮ ಬಳಿ ಇಲ್ಲ. ಸಿನಿಮಾದ ಗತಿಯೇ ಹೀಗಾದ್ರೆ ಅದನ್ನು ನೋಡಿ ನಕ್ಕವರ ನೆನಪಿನ ಗತಿ ಏನು? 1980ರ ದಶಕದಲ್ಲಿ ಕಾಳಿ ನದಿಗೆ ಅಡ್ಡಲಾಗಿ ಅಣೆಕಟ್ಟು ಎದ್ದು ಸೂಪಾ ಅನ್ನೋ ತಾಲೂಕು ಕೇಂದ್ರವೇ ಮುಳುಗಿತು. ಜನ ರಾಮನಗರಕ್ಕೆ, ಇನ್ನೆಲ್ಲಿಗೋ ಚದುರಿದ್ರು. ಮುಳುಗಿದ ಹೊಲಕ್ಕೆ ಲೆಕ್ಕ ಇದೆ, ಪರಿಹಾರದ ಕಡತ ಇದೆ. ಒಟ್ಟಿಗೆ ಕೂತು ಸಿನಿಮಾ ನೋಡಿದ ಊರು ಚದುರಿದ್ದಕ್ಕೆ ಯಾವ ಕಡತ ಇದೆ? ಟೆಂಟುಗಳು ಹೋದವು. ತಾಲೂಕಿನ ಚಿತ್ರಮಂದಿರಗಳು ಒಂದೊಂದಾಗಿ ಮುಚ್ಚುತ್ತಾ ಇವೆ. ಈಗ ಎಲ್ಲರ ಕೈಯಲ್ಲೂ ಫೋನಿದೆ, ಸಿನಿಮಾ ಇದೆ. ಪಕ್ಕದಲ್ಲಿ ಬೇರೆ ಭಾಷೆಯ ಮನುಷ್ಯ ಕೂತಿಲ್ಲ, ಅಷ್ಟೆ.

ನಾವು ಇತಿಹಾಸ ಅಂದ್ರೆ ರಾಜ, ಯುದ್ಧ, ಒಪ್ಪಂದ ಅಂತೀವಿ. ಗಡಿ ಅಂದ್ರೆ ಗಲಾಟೆ ಅಂತೀವಿ. ನಾವು ಚಾನೆಲ್‌ನವರೂ ಕ್ಯಾಮೆರಾ ಕಳಿಸೋದು ಗಡಿಯಲ್ಲಿ ಬೋರ್ಡಿಗೆ ಮಸಿ ಬಳಿದಾಗ ಮಾತ್ರ. ಮರಾಠಿ ಮಾತಾಡುವ ಮನೆಯ ಹುಡುಗ ಅಣ್ಣಾವ್ರ ಹಾಡು ಗುನುಗಿಕೊಂಡು ಬೆಳೆದದ್ದು ಸುದ್ದಿ ಆಗಲ್ಲ. ಆದರೆ ಗಡಿಯನ್ನು ಇಷ್ಟು ವರ್ಷ ತಣ್ಣಗೆ ಇಟ್ಟದ್ದರಲ್ಲಿ ಅಂಥ ಹುಡುಗರ ಪಾಲೂ ಇದೆ.

1968ರಲ್ಲಿ ಹದಿನೈದು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ತೇರಗಾಂವ ಇರಲಿ, ಮುಂಡಗೋಡ ಇರಲಿ, ಯಲ್ಲಾಪುರ ಇರಲಿ, ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ರೆ ಇವತ್ತು ಸಂಜೆ ಒಂದು ಪ್ರಶ್ನೆ ಕೇಳಿ. ‘999 ನೋಡಿದ್ರಾ? ಎಲ್ಲಿ ನೋಡಿದ್ರಿ? ಪಕ್ಕದಲ್ಲಿ ಯಾರು ಕೂತಿದ್ರು?’ ಅವರು ಹೇಳೋದನ್ನು ಬರೆದಿಡಿ, ಇಲ್ಲ ಅದೇ ಫೋನಿನಲ್ಲಿ ರೆಕಾರ್ಡ್ ಮಾಡಿಡಿ. ಸಿನಿಮಾ ಹೇಗಿತ್ತು ಅಂತ ಅವರಿಗೆ ಪೂರ್ತಿ ನೆನಪಿರಲಿಕ್ಕಿಲ್ಲ. ಪಕ್ಕದಲ್ಲಿ ಕೂತಿದ್ದವರ ಹೆಸರು ಮಾತ್ರ ಹೇಳ್ತಾರೆ, ನೋಡ್ತಾ ಇರಿ.