ಪಾಲು ಕೇಳುವ ಮಾತು

ಹಳಗನ್ನಡದಲ್ಲಿ ಹಾಲಿಗೂ ‘ಪಾಲ್’, ಹಂಚಿಕೊಂಡ ಭಾಗಕ್ಕೂ ‘ಪಾಲ್’. ಪಕಾರ ಹಕಾರವಾದ ಕಾಲದಲ್ಲಿ ಹಾಲು ರೂಪ ಬದಲಿಸಿತು; ಪಾಲು ಪಾಲಾಗಿಯೇ ಉಳಿಯಿತು. ಉಳಿದು ಎಲ್ಲೆಲ್ಲೋ ಓಡಾಡಿತು. ಬೆಳೆ ನೀರುಪಾಲಾಗುತ್ತದೆ, ಸಂಸಾರ ಬೀದಿಪಾಲಾಗುತ್ತದೆ, ದುಡ್ಡು ಕಂಡವರ ಪಾಲಾಗುತ್ತದೆ. ಹೊಸತೊಡಕಿಗೆ ನಾಲ್ಕು ಮನೆಯವರು ಕೂಡಿ ಮರಿ ತಂದು ಗುಡ್ಡೆ ಹಾಕಿಕೊಂಡರೆ ಅದೂ ಪಾಲು. ಸಾಕಲಾಗದವರು ಆಡನ್ನು ಇನ್ನೊಬ್ಬರಿಗೆ ‘ಪಾಲಿಗೆ’ ಬಿಟ್ಟು, ಹುಟ್ಟಿದ ಮರಿಗಳನ್ನು ಹಂಚಿಕೊಳ್ಳುತ್ತಾರೆ.

ಈ ಬಳಕೆಗಳಲ್ಲಿ ಎರಡು ಅರ್ಥ ಜೊತೆಯಾಗಿವೆ: ತಾನಾಗಿ ಬಂದದ್ದು, ನ್ಯಾಯವಾಗಿ ಬರಬೇಕಾದದ್ದು. ‘ಪಾಲಿಗೆ ಬಂದದ್ದು ಪಂಚಾಮೃತ’ ಎಂಬ ಗಾದೆ ಮೊದಲನೆಯದರ ಕಡೆಗೆ. ಕಷ್ಟಕಾಲದಲ್ಲಿ ಅದು ಸಮಾಧಾನದ ಮಾತು. ಆದರೆ ಮನೆಯ ಹೆಣ್ಣುಮಗಳಿಗೋ ಹಾಡು ಬರೆದವನಿಗೋ ಅದನ್ನು ಬಾಯಿ ಮುಚ್ಚಿಸಲು ಹೇಳಿದಾಗ ಗಾದೆ ಅನ್ಯಾಯಕ್ಕೆ ಒದಗುತ್ತದೆ.

ಈ ಎರಡನೆಯ ಅರ್ಥಕ್ಕೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಷ್ಟು ತೂಕ ತಂದ ಜಾಗ ಅಪರೂಪ. ಆರ್.ಕೆ. ಬಾಳಿಗ ಅವರ ಮುಂದಾಳತ್ವದಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್ 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಇದನ್ನು ಕಟ್ಟಲು ಹೊರಟಿತು. ಸುತ್ತಲಿನ ನೆಲಕ್ಕೆ ಬೆಲೆ ಏರಿದಂತೆ ಪಾಲುಪಾರೀಕತ್ತಿನ ಕಾಗದಗಳೂ ಪೆಟ್ಟಿಗೆಯಿಂದ ಹೊರಬಂದವು.

1994ನೇ ಇಸವಿ ಈ ಪದಕ್ಕೆ ದೊಡ್ಡ ವರ್ಷ. ಇನ್ಫೊಸಿಸ್ ತನ್ನ ಕೇಂದ್ರ ಕಚೇರಿಯನ್ನು ಎಲೆಕ್ಟ್ರಾನಿಕ್ ಸಿಟಿಗೆ ತಂದದ್ದು ಆ ವರ್ಷ. ನೌಕರರಿಗೂ ಷೇರು ಕೊಡುವ ಯೋಜನೆ ಆರಂಭಿಸಿದ್ದೂ ಆ ವರ್ಷವೇ. ಷೇರು ಎಂದರೂ ಪಾಲೇ. ಸಂಬಳಕ್ಕೆ ದುಡಿಯುವವರೂ ಕಂಪನಿಯಲ್ಲಿ ಪಾಲುಳ್ಳವರು ಎಂಬ ಮಾತು ಇಲ್ಲಿ ಚಾಲ್ತಿಗೆ ಬಂತು. ಅದೇ 1994ರ ಜುಲೈ 30ರಂದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ ಜಾರಿಯಾಗಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂತು. ಆದರೆ ಅದಕ್ಕೆ ಮುಂಚೆ ಮದುವೆಯಾದವಳು ಹೊರಗೇ ಉಳಿದಳು.

ಮೈಸೂರು ಸಂಸ್ಥಾನ 1933ರಲ್ಲೇ ಕಾನೂನು ಮಾಡಿ, ವಿಭಾಗದ ಸಮಯದಲ್ಲಿ ಮದುವೆಯಾಗದ ಹೆಣ್ಣುಮಗಳಿಗೆ ಸೋದರನ ಪಾಲಿನ ಕಾಲುಭಾಗ ಕೊಟ್ಟಿತ್ತು. ಕಾಲುಭಾಗ ಸಮಪಾಲಾಗಲು ಅರವತ್ತೊಂದು ವರ್ಷ ಬೇಕಾಯಿತು. ಮದುವೆಯ ಗೆರೆಯನ್ನು ಅಳಿಸಿದ್ದು 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರ ತಿದ್ದುಪಡಿ. ಆ ದಿನ ತಂದೆ ಬದುಕಿರಲೇಬೇಕೆಂದು 2015ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಆ ಷರತ್ತನ್ನೂ ತೆಗೆಯಿತು. ಹಕ್ಕು ಹುಟ್ಟಿನಿಂದ ಬರುವುದೇ ಹೊರತು ತಂದೆ ತೀರಿಕೊಂಡ ದಿನಾಂಕದಿಂದಲ್ಲ. ಆದರೂ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆದ ವಿಭಾಗ ಹಾಗೇ ನಿಲ್ಲುತ್ತದೆ. ತಂದೆಯ ಸ್ವಯಾರ್ಜಿತವಾದರೆ ಅವರು ಉಯಿಲು ಬರೆದು ಇಷ್ಟ ಬಂದವರಿಗೆ ಕೊಡಬಹುದು. ಬರೆಯದೆ ಹೋದರೆ ಹೆಂಡತಿ, ತಾಯಿ, ಮಕ್ಕಳಿಗೆಲ್ಲ ಸಮಪಾಲು. ‘ಮದುವೆಗೆ ಅಷ್ಟು ಖರ್ಚು ಮಾಡಿದ್ದೇವಲ್ಲ’ ಎಂಬ ಮಾತಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ.

ವ್ಯಾಪಾರದಲ್ಲಿ ಇದೇ ಪದ ‘ಪಾಲುದಾರ’ ಆಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ನೀಲಾದ್ರಿ ರಸ್ತೆಯಲ್ಲಿ ಇಬ್ಬರು ಗೆಳೆಯರು ಪಿಜಿ ತೆರೆಯುತ್ತಾರೆ ಎನ್ನಿ. ಒಬ್ಬನದು ಹೆಚ್ಚು ದುಡ್ಡು, ಇನ್ನೊಬ್ಬನದು ಹೆಚ್ಚು ದುಡಿಮೆ, ಕಾಗದ ಮಾತ್ರ ಇಲ್ಲ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ಲಾಭವೂ ಸಮ, ನಷ್ಟವೂ ಸಮ. ಸಂಸ್ಥೆಯ ನೋಂದಣಿ ಆಗಿರದಿದ್ದರೆ, ಕರಾರಿನಂತೆ ಹೊರಗಿನವರಿಂದ ಬರಬೇಕಾದ ಬಾಕಿಗೆ ದಾವೆ ಹೂಡಲೂ ಆಗದು. ಗೆಳೆತನ ಗಟ್ಟಿಯಿದ್ದಾಗಲೇ ಬರೆದುಕೊಳ್ಳುವುದು ಗೆಳೆತನಕ್ಕೆ ತೋರುವ ಗೌರವ.

ಬರೆಯುವ, ಹಾಡುವ, ಚಿತ್ರಿಸುವವರ ಪಾಲು ಕಣ್ಣಿಗೆ ಕಾಣದ್ದು. ಅದಕ್ಕೇ ಬೇಗ ಕಳೆದುಹೋಗುವಂಥದ್ದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಬೇರೆ ಒಪ್ಪಂದವಿಲ್ಲದಿದ್ದರೆ ನೌಕರಿಯ ಭಾಗವಾಗಿ ಮಾಡಿದ ಕೃತಿ ಮಾಲೀಕರದು. ಬಿಡುವಿನಲ್ಲಿ ಬರೆದ ಕಥೆ ಬರೆದವರದೇ; ಆದರೂ ನೇಮಕಾತಿ ಪತ್ರದ ಷರತ್ತುಗಳನ್ನು ಓದಿರಬೇಕು. ಹಕ್ಕು ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೇ ಲೆಕ್ಕ. 2012ರ ತಿದ್ದುಪಡಿ ಚಿತ್ರಗೀತೆ ಬರೆದವರಿಗೂ ರಾಗ ಹಾಕಿದವರಿಗೂ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆಡೆ ಹಾಡು ಬಳಕೆಯಾದಾಗ ಬರುವ ರಾಯಧನದಲ್ಲಿ ಸಮಪಾಲು ಕೊಟ್ಟಿತು. ಅದನ್ನು ನಿರ್ಮಾಪಕರಿಗೆ ಬಿಟ್ಟುಕೊಟ್ಟಂತೆ ಸಹಿ ಹಾಕಿಸಿಕೊಂಡರೂ ಆ ಕರಾರು ಊರ್ಜಿತವಲ್ಲ.

ಪಾಲು ಕೇಳಿದರೆ ಸಂಬಂಧ ಮುರಿಯುತ್ತದೆ ಎಂಬ ಭಯ ನಮ್ಮಲ್ಲಿ ಬಹಳ. ಪದ ಹೇಳುವುದು ಬೇರೆ. ಆಳಿಗೆ ಕೂಲಿ, ನೆಂಟರಿಗೆ ಸತ್ಕಾರ, ಬಡವರಿಗೆ ದಾನ. ಪಾಲು ಸಿಗುವುದು ಒಳಗಿನವರಿಗೆ ಮಾತ್ರ. ತಂಗಿ ಪಾಲು ಕೇಳಿದಾಗ ಅವಳು ಹೇಳುತ್ತಿರುವುದು ‘ನಾನೂ ಈ ಮನೆಯವಳು’ ಎಂದು. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೈಗಿಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಪಡೆಯುವಾಗ ಮುರಿಯುವುದು ಆ ಮಾತು.

ಆದ್ದರಿಂದ ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲೇರುವ ಮೊದಲು ಪತ್ರವನ್ನು ಪೂರ್ತಿ ಓದಿಸಿಕೊಳ್ಳಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರ ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಕೊಟ್ಟಿದೆ. ಆ ನೆರವೂ ನಿಮ್ಮ ಪಾಲಿನದೇ, ಕೇಳಿ ಪಡೆಯಿರಿ.