ಅಜ್ಜಿಯಿಂದ ಮೊಮ್ಮಗಳಿಗೆ: ಬಿದರಿ ಪಾನ್‌ದಾನ್

ಬಸವಕಲ್ಯಾಣ, ಹುಮನಾಬಾದ್ ಸೇರಿದಂತೆ ಬೀದರ್ ಸೀಮೆಯಲ್ಲಿ ಬಿದರಿ ಸಾಮಾನು ಮದುವೆಯ ಉಡುಗೊರೆಯಾಗಿ ಮನೆ ಸೇರಿ, ಅಜ್ಜಿಯಿಂದ ಮೊಮ್ಮಗಳ ಕೈಗೆ ಬರುವ ಅಕ್ಕರೆಯ ಸ್ವತ್ತು. ಎಲೆ, ಅಡಿಕೆ, ಸುಣ್ಣ ಇಡುವ ಪಾನ್‌ದಾನ್ ಅಂಥದ್ದೊಂದು.

ತಯಾರಿಕೆ: ಬಿದರಿ ಬಹಮನಿ ಕಾಲದಿಂದ ಬೆಳೆದುಬಂದ ಕಲೆ. ಸತುವಿಗೆ ಅಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಉಳಿಯಿಂದ ಹೂಬಳ್ಳಿ ಕೊರೆದು, ಆ ಗೀರಿನಲ್ಲಿ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಬೀದರ್ ಕೋಟೆಯ ಮಣ್ಣು, ನವಸಾಗರ ಬೆರೆಸಿದ ಬಿಸಿನೀರಿನಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ; ಬೆಳ್ಳಿ ಮಾತ್ರ ಹೊಳೆಯುತ್ತದೆ. 2006ರಲ್ಲಿ ಈ ಕಲೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು.

ಜೋಪಾನ: ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಕಪ್ಪು ಮಾಸುತ್ತದೆ. ಮೆತ್ತನೆಯ ಬಟ್ಟೆಯಿಂದ ಒರೆಸಿ, ತುಸು ಕೊಬ್ಬರಿ ಎಣ್ಣೆ ಸವರಿಟ್ಟರೆ ಮುಂದಿನ ತಲೆಮಾರಿಗೂ ಉಳಿಯುತ್ತದೆ.