ಕಾವಲು ಗ್ರಂಥಿಯ ಹುಡುಕಾಟ: ಡೊನಾಲ್ಡ್ ಮಾರ್ಟನ್ ಮತ್ತು ಮೆಲನೋಮ ಶಸ್ತ್ರಚಿಕಿತ್ಸೆಯ ಇತಿಹಾಸ

1907ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಸ್ಯಾಂಪ್ಸನ್ ಹ್ಯಾಂಡ್ಲಿ ಮೆಲನೋಮ ಕುರಿತು ಕೊಟ್ಟ ಉಪನ್ಯಾಸಗಳಿಗೆ ಆಧಾರವಾಗಿದ್ದುದು ಒಬ್ಬಳೇ ಮಹಿಳೆಯ ಮರಣೋತ್ತರ ಪರೀಕ್ಷೆ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಈ ಕ್ಯಾನ್ಸರ್ ದುಗ್ಧನಾಳಗಳ ಗುಂಟ ಹರಡುತ್ತದೆ. ಆದ್ದರಿಂದ ಗಡ್ಡೆಯ ಸುತ್ತಲಿನ ಚರ್ಮವನ್ನೂ ಅದರಡಿಯ ಕೊಬ್ಬನ್ನೂ ಅಗಲವಾಗಿ ಕತ್ತರಿಸಿ, ಸಮೀಪದ ದುಗ್ಧಗ್ರಂಥಿಗಳನ್ನೂ ತೆಗೆಯಬೇಕು ಎಂಬುದು ಅವರ ಸಲಹೆ. ಅದಕ್ಕೂ ಮೊದಲೇ, 1892ರಲ್ಲಿ, ಶಸ್ತ್ರವೈದ್ಯ ಹರ್ಬರ್ಟ್ ಸ್ನೋ, ಗ್ರಂಥಿಗಳು ಊದಿಕೊಳ್ಳುವವರೆಗೆ ಕಾಯಬಾರದು, ಮುಂಚಿತವಾಗಿಯೇ ತೆಗೆಯಬೇಕು ಎಂದು ವಾದಿಸಿದ್ದರು. ಈ ಎರಡು ಮಾತುಗಳು ಮುಂದಿನ ಹಲವು ದಶಕಗಳ ಕಾಲ ಶಸ್ತ್ರವೈದ್ಯರ ಕೈ ನಡೆಸಿದವು. ಕಾಲಿನಲ್ಲಿ ಸಣ್ಣ ಮಚ್ಚೆಯೊಂದು ಮೆಲನೋಮ ಎಂದು ಗೊತ್ತಾದರೆ, ತೊಡೆಸಂದಿನ ಗ್ರಂಥಿಗಳನ್ನೆಲ್ಲ ಬಗೆದು ತೆಗೆಯುವುದು ಎಷ್ಟೋ ಕಡೆ ರೂಢಿಯಾಯಿತು.

ಅದರ ಬೆಲೆ ತೆರುತ್ತಿದ್ದವರು ರೋಗಿಗಳು. ಗ್ರಂಥಿಗಳು ಹೋದ ಮೇಲೆ ದುಗ್ಧರಸ ಹರಿದುಹೋಗಲು ದಾರಿಯಿಲ್ಲದೆ ಕೈಯೋ ಕಾಲೋ ಊದಿಕೊಂಡು, ಕೆಲವರಲ್ಲಿ ಜೀವನಪರ್ಯಂತ ಹಾಗೆಯೇ ಉಳಿಯುತ್ತಿತ್ತು. ಆನೆಕಾಲು ರೋಗಿಗಳನ್ನು ಹತ್ತಿರದಿಂದ ಕಂಡವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಅಷ್ಟಾಗಿಯೂ, ತೆಗೆದ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಐವರಲ್ಲಿ ನಾಲ್ವರ ಗ್ರಂಥಿಗಳಲ್ಲಿ ಕ್ಯಾನ್ಸರ್ ಇರುತ್ತಲೇ ಇರಲಿಲ್ಲ.

ಡೊನಾಲ್ಡ್ ಮಾರ್ಟನ್ (1934–2014) ಈ ಪರಂಪರೆಯೊಳಗೇ ತರಬೇತಾದವರು, ಅದನ್ನು ಅಳತೆಗೆ ಒಡ್ಡಿದವರೂ ಅವರೇ. ಹೊಸ ಔಷಧವೊಂದನ್ನು ಕಂಡುಹಿಡಿದ ಹೆಗ್ಗಳಿಕೆ ಅವರದಲ್ಲ. ತಾವು ನಂಬಿದ್ದನ್ನು ಸಾವಿರಾರು ರೋಗಿಗಳ ಯಾದೃಚ್ಛಿಕ ಪ್ರಯೋಗಗಳಿಗೆ ಒಪ್ಪಿಸಿದರು. ಆ ಪ್ರಯೋಗಗಳು ಅವರ ನಂಬಿಕೆಗಳಲ್ಲಿ ಕೆಲವನ್ನು ಉಳಿಸಿ, ಕೆಲವನ್ನು ಕೆಡವಿದವು. ಅವರ ವೃತ್ತಿಜೀವನದ ನಿಜವಾದ ಮಹತ್ವ ಇರುವುದು ಇಲ್ಲಿ ಎಂಬುದು ಈ ಲೇಖನದ ವಾದ.

ಮಾರ್ಟನ್ ಹುಟ್ಟಿದ್ದು ಅಮೆರಿಕದ ವೆಸ್ಟ್ ವರ್ಜೀನಿಯಾದ ರಿಚ್‌ವುಡ್‌ನಲ್ಲಿ. ತಂದೆ ಕಲ್ಲಿದ್ದಲು ಗಣಿಯ ಕಾರ್ಮಿಕ. ಅವರು ಕಟ್ಟಿದ ಮನೆಗೆ ವಿದ್ಯುತ್ತೂ ಇರಲಿಲ್ಲ, ನಲ್ಲಿನೀರೂ ಇರಲಿಲ್ಲ. ಮಗ ಬೆರಿಯಾ ಕಾಲೇಜಿನಲ್ಲಿ ಓದಿ, 1958ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯ ಪದವಿ ಪಡೆದರು. ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ದುಡಿದು, 1971ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಂದರು. ನಟ ಜಾನ್ ವೇನ್ 1979ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಅವರ ಕುಟುಂಬದ ನೆರವಿನಿಂದ ಬೆಳೆದ ಸಂಸ್ಥೆ ಮುಂದೆ ಸ್ಯಾಂಟಾ ಮೋನಿಕಾದಲ್ಲಿ ನೆಲೆಯೂರಿತು. ಮಾರ್ಟನ್ ಕೊನೆಯವರೆಗೂ ಕೆಲಸ ಮಾಡಿದ್ದು ಅಲ್ಲಿಯೇ.

ಅವರ ಮೊದಲ ಪ್ರಯೋಗದ ಸಾಮಗ್ರಿ ನಮಗೆಲ್ಲ ಪರಿಚಿತವಾದದ್ದು. ನಮ್ಮಲ್ಲಿ ಹೆಚ್ಚಿನವರ ಎಡತೋಳಿನ ಮೇಲೆ ಕಲೆ ಉಳಿಸಿರುವ ಬಿಸಿಜಿ, ಅಂದರೆ ಕ್ಷಯದ ವಿರುದ್ಧ ಹಾಕುವ ಲಸಿಕೆ. 1960ರ ದಶಕದ ಕೊನೆಯಲ್ಲಿ ಮಾರ್ಟನ್ ಅದನ್ನು ಚರ್ಮದ ಮೇಲೆದ್ದ ಮೆಲನೋಮ ಗಂಟುಗಳೊಳಕ್ಕೇ ಚುಚ್ಚಿದರು. ಲಸಿಕೆ ಕೆರಳಿಸಿದ ರೋಗನಿರೋಧಕ ಶಕ್ತಿ ಗಂಟಿನ ಮೇಲೂ ಎರಗಬಹುದು ಎಂಬುದು ಅವರ ಲೆಕ್ಕಾಚಾರ. 1974ರಲ್ಲಿ ಪ್ರಕಟಿಸಿದ ಏಳು ವರ್ಷಗಳ ಅನುಭವದ ವರದಿಯಲ್ಲಿ, ಚುಚ್ಚಿದ ಗಂಟುಗಳಲ್ಲಿ ಸುಮಾರು 90% ಕರಗಿದ್ದವು. ಮುಟ್ಟದೇ ಬಿಟ್ಟ ಗಂಟುಗಳೂ ಕೆಲವು ಕರಗಿದ್ದು ಎಲ್ಲರ ಗಮನ ಸೆಳೆಯಿತು. ಆದರೆ ಶ್ವಾಸಕೋಶಕ್ಕೋ ಯಕೃತ್ತಿಗೋ ಹಬ್ಬಿದ ರೋಗಕ್ಕೆ ಅದು ಜಗ್ಗಲಿಲ್ಲ. ಮೆಲನೋಮದಲ್ಲಿ ಬಿಸಿಜಿ ಹಿಂದೆ ಸರಿಯಿತು. ಅದು ನೆಲೆ ಕಂಡುಕೊಂಡಿದ್ದು ಮೂತ್ರಕೋಶದ ಕ್ಯಾನ್ಸರಿನಲ್ಲಿ: ಕೆನಡಾದ ಆಲ್ವಾರೋ ಮೊರಾಲೆಸ್ 1976ರಲ್ಲಿ ವರದಿ ಮಾಡಿದ ಆ ಚಿಕಿತ್ಸೆ ಇಂದಿಗೂ ಬಳಕೆಯಲ್ಲಿದೆ.

ಗ್ರಂಥಿಗಳ ಪ್ರಶ್ನೆ ಈ ನಡುವೆ ಬಿಸಿಯೇರಿತ್ತು. 1977ರಲ್ಲಿ ಇಟಲಿಯ ಉಂಬೆರ್ಟೋ ವೆರೊನೇಸಿ ಮತ್ತು ಸಂಗಡಿಗರು ಕೈಕಾಲುಗಳ ಮೆಲನೋಮ ಇದ್ದ 553 ರೋಗಿಗಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಗ್ರಂಥಿಗಳನ್ನು ಕೂಡಲೇ ತೆಗೆದರೂ, ಊದಿಕೊಂಡ ಮೇಲೆ ತೆಗೆದರೂ ಬದುಕುಳಿದವರ ಪ್ರಮಾಣ ಒಂದೇ. ಸ್ನೋ ಹಾಕಿಕೊಟ್ಟ ದಾರಿಗೆ ಇದು ದೊಡ್ಡ ಪೆಟ್ಟು. ಮಾರ್ಟನ್ ಈ ಫಲಿತಾಂಶವನ್ನು ಬೇರೆ ರೀತಿ ಓದಿದರು. ಐವರಲ್ಲಿ ಒಬ್ಬರಿಗೆ ಮಾತ್ರ ಗ್ರಂಥಿಯಲ್ಲಿ ಅಡಗಿದ ಕ್ಯಾನ್ಸರ್ ಇದ್ದರೆ, ಆ ಒಬ್ಬರಿಗೆ ಆಗಿರಬಹುದಾದ ಲಾಭ ಉಳಿದ ನಾಲ್ವರ ಲೆಕ್ಕದಲ್ಲಿ ಕರಗಿಹೋಗಿರಬಹುದಲ್ಲವೇ? ಹಾಗಿದ್ದರೆ ಆ ಒಬ್ಬರನ್ನು ಮೊದಲೇ ಗುರುತಿಸುವುದು ಹೇಗೆ?

ಉತ್ತರದ ಮೊದಲ ತುಣುಕು ಸಿಕ್ಕಿದ್ದು ಬೆನ್ನಿನ ಮೆಲನೋಮಗಳಲ್ಲಿ. ಹೊಕ್ಕುಳದ ಮಟ್ಟದಲ್ಲಿ ಗೆರೆ ಎಳೆದರೆ ಮೇಲ್ಭಾಗದ ಚರ್ಮದ ದುಗ್ಧರಸ ಕಂಕುಳಿಗೆ, ಕೆಳಭಾಗದ್ದು ತೊಡೆಸಂದಿಗೆ ಹೋಗುತ್ತದೆಂದು ಫ್ರಾನ್ಸಿನ ಅಂಗರಚನಾ ತಜ್ಞ ಸಾಪ್ಪೆ ಹತ್ತೊಂಬತ್ತನೆಯ ಶತಮಾನದಲ್ಲಿ ಹೇಳಿದ್ದನ್ನು ಶಸ್ತ್ರವೈದ್ಯರು ಪಾಲಿಸುತ್ತಿದ್ದರು. 1970ರ ದಶಕದಲ್ಲಿ ಮಾರ್ಟನ್ ತಂಡ ಮಚ್ಚೆಯ ಸುತ್ತ ವಿಕಿರಣಶೀಲ ಚಿನ್ನದ ಕಣಗಳನ್ನು ಚುಚ್ಚಿ ಚಿತ್ರ ತೆಗೆದಾಗ, ಹರಿವು ಆ ಗೆರೆಗೆ ಕಟ್ಟುಬಿದ್ದಿರಲಿಲ್ಲ. ಮುಂದೆ ಬೆಕ್ಕುಗಳ ಮೇಲೆ ನಡೆಸಿದ ಅಧ್ಯಯನ ಇನ್ನೂ ಒಂದು ಹೆಜ್ಜೆ ಹೋಯಿತು: ಚರ್ಮದ ಒಂದು ಜಾಗದಿಂದ ಹೊರಟ ಬಣ್ಣ, ಗ್ರಂಥಿ ಸಮೂಹದಲ್ಲಿ ಎಲ್ಲಕ್ಕಿಂತ ಮೊದಲು ನಿರ್ದಿಷ್ಟ ಗ್ರಂಥಿಯೊಂದನ್ನು ತಲುಪುತ್ತದೆ. ಅದೇ ಕಾವಲು ಗ್ರಂಥಿ. ಪರಾಗ್ವೆಯ ರಮೋನ್ ಕಬಾನಾಸ್ 1977ರಲ್ಲೇ ಶಿಶ್ನದ ಕ್ಯಾನ್ಸರಿನಲ್ಲಿ ಇಂಥ ಗ್ರಂಥಿಯನ್ನು ವಿವರಿಸಿದ್ದರು. ಆದರೆ ಅವರ ಪ್ರಕಾರ ಅದರ ಜಾಗ ಎಲ್ಲರಲ್ಲೂ ಒಂದೇ. ಮಾರ್ಟನ್ ಅದನ್ನು ಒಬ್ಬೊಬ್ಬ ರೋಗಿಯಲ್ಲೂ ಹೊಸದಾಗಿ ಹುಡುಕಬೇಕೆಂದರು.

ಹುಡುಕುವ ಬಗೆ ಹೀಗೆ. ರೋಗಿಗೆ ಅರಿವಳಿಕೆ ಕೊಟ್ಟ ಮೇಲೆ ಮಚ್ಚೆಯ ಸುತ್ತ ಚರ್ಮದೊಳಕ್ಕೆ ಸ್ವಲ್ಪವೇ ಸ್ವಲ್ಪ ನೀಲಿ ಬಣ್ಣ ಚುಚ್ಚಬೇಕು. ಕೆಲವು ನಿಮಿಷ ಬಿಟ್ಟು ಕಂಕುಳಲ್ಲೋ ತೊಡೆಸಂದಿನಲ್ಲೋ ಸಣ್ಣ ಸೀಳು ಹಾಕಿ, ಹಳದಿ ಕೊಬ್ಬನ್ನು ಮೆಲ್ಲಗೆ ಬಿಡಿಸುತ್ತ ಹೋದರೆ ದಾರದೆಳೆಯಷ್ಟು ತೆಳ್ಳಗಿನ ನೀಲಿ ನಾಳ ಕಾಣುತ್ತದೆ. ಅದನ್ನು ತುಂಡಾಗದಂತೆ ಹಿಂಬಾಲಿಸಿದರೆ ನೀಲಿಗಟ್ಟಿದ ಗ್ರಂಥಿ ಸಿಗುತ್ತದೆ. ತಡಮಾಡಿದರೆ ಬಣ್ಣ ಮುಂದಿನ ಗ್ರಂಥಿಗಳಿಗೂ ದಾಟಿಹೋಗುತ್ತದೆ. ತೆಗೆದ ಗ್ರಂಥಿಯನ್ನು ಪೆಥಾಲಜಿಸ್ಟ್ ಅಲಿಸ್ಟೇರ್ ಕಾಕ್ರನ್ ತೆಳು ಪದರಗಳಾಗಿ ಕತ್ತರಿಸಿ, ವಿಶೇಷ ಬಣ್ಣ ಹಾಕಿ, ಬಿಡಿ ಬಿಡಿ ಕ್ಯಾನ್ಸರ್ ಕೋಶಗಳಿಗಾಗಿಯೂ ತಡಕಾಡುತ್ತಿದ್ದರು. ನೂರಾರು ಗ್ರಂಥಿಗಳಲ್ಲಿ ಇಷ್ಟು ಆಳವಾಗಿ ಹುಡುಕುವುದು ಆಗದ ಮಾತು, ಒಂದೆರಡರಲ್ಲಾದರೆ ಸಾಧ್ಯ. ವಿಧಾನದ ಅರ್ಧ ಶಕ್ತಿ ಪ್ರಯೋಗಾಲಯದ ಈ ಕೆಲಸದಲ್ಲಿತ್ತೆಂಬುದನ್ನು ಶಸ್ತ್ರಚಿಕಿತ್ಸೆಯ ಇತಿಹಾಸ ಬರೆಯುವವರು ಮರೆಯಬಾರದು.

ಮಾರ್ಟನ್ ತಂಡ ಈ ವಿಧಾನವನ್ನು ವಿವರಿಸಿದ 1992ರ ಪ್ರಬಂಧದಲ್ಲಿ 223 ರೋಗಿಗಳಿದ್ದರು. ಪರೀಕ್ಷಿಸಿದ 237 ಗ್ರಂಥಿ ಸಮೂಹಗಳಲ್ಲಿ 194ರಲ್ಲಿ ಕಾವಲು ಗ್ರಂಥಿ ಸಿಕ್ಕಿತು. ಹಾಗೆ ಸಿಕ್ಕ ಮೇಲೂ ಮಾರ್ಟನ್ ಉಳಿದ ಗ್ರಂಥಿಗಳನ್ನೆಲ್ಲ ತೆಗೆದೇ ಪರೀಕ್ಷಿಸಿದರು, ತಮ್ಮ ವಿಧಾನ ಎಲ್ಲಿ ತಪ್ಪುತ್ತದೆಂದು ನೋಡಲು. ಕಾವಲು ಗ್ರಂಥಿ ಶುದ್ಧವಾಗಿದ್ದೂ ಬೇರೆಡೆ ಕ್ಯಾನ್ಸರ್ ಸಿಕ್ಕಿದ್ದು 3079 ಗ್ರಂಥಿಗಳ ಪೈಕಿ ಎರಡರಲ್ಲಿ ಮಾತ್ರ. ಮಾರ್ಟನ್ ಅವರ ಸಂಸ್ಥೆಯವರೇ ಆದ ಅರ್ಮಾಂಡೋ ಜೂಲಿಯಾನೋ 1994ರಲ್ಲಿ ಈ ವಿಧಾನವನ್ನು ಸ್ತನ ಕ್ಯಾನ್ಸರಿಗೆ ಒಯ್ದರು. ಕರ್ನಾಟಕವೂ ಸೇರಿ ಭಾರತದ ಆಸ್ಪತ್ರೆಗಳಲ್ಲಿ ಇದು ಹೆಚ್ಚು ಬಳಕೆಯಾಗುವುದು ಸ್ತನ ಕ್ಯಾನ್ಸರಿನಲ್ಲೇ. ದುಬಾರಿ ಬಣ್ಣದ ಬದಲು ಅಗ್ಗದ ಮಿಥಿಲೀನ್ ಬ್ಲೂ ಕೂಡ ಇಲ್ಲಿ ಕೆಲಸ ನಡೆಸುತ್ತದೆ. ಚರ್ಮದ ಮೆಲನೋಮ ನಮ್ಮಲ್ಲಿ ಅಪರೂಪ. ಬಂದರೆ ಅಂಗಾಲು, ಅಂಗೈ, ಉಗುರಿನಡಿ ಕಾಣಿಸಿಕೊಳ್ಳುವುದು ಹೆಚ್ಚು.

ಗ್ರಂಥಿಯನ್ನು ಗುರುತಿಸಬಹುದು ಎಂದಾಯಿತು. ಗುರುತಿಸಿದರೆ ಜೀವ ಉಳಿಯುತ್ತದೆಯೇ? 1994ರಲ್ಲಿ ಆರಂಭವಾದ ಬಹುಕೇಂದ್ರ ಪ್ರಯೋಗದಲ್ಲಿ 2001 ರೋಗಿಗಳು ಸೇರಿದರು. ಅಂತಿಮ ವರದಿ ಬಂದದ್ದು 2014ರ ಫೆಬ್ರವರಿಯಲ್ಲಿ, ಮಾರ್ಟನ್ ತೀರಿಕೊಂಡು ತಿಂಗಳಾದ ಮೇಲೆ. ಮೆಲನೋಮದಿಂದ ಸಾಯದೆ ಹತ್ತು ವರ್ಷ ಉಳಿದವರ ಪ್ರಮಾಣದಲ್ಲಿ, ಎಲ್ಲ ರೋಗಿಗಳನ್ನೂ ಒಟ್ಟಿಗೆ ತೆಗೆದುಕೊಂಡರೆ, ಕಾವಲು ಗ್ರಂಥಿಯನ್ನು ಕೂಡಲೇ ತೆಗೆದು ಪರೀಕ್ಷಿಸಿದವರು ಮತ್ತು ಗ್ರಂಥಿ ಊದಿಕೊಳ್ಳುವವರೆಗೆ ಕಾದು ನೋಡಿದವರು ಎಂಬ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಇರಲಿಲ್ಲ. ಮಧ್ಯಮ ದಪ್ಪದ ಗಡ್ಡೆಯಿದ್ದು ಗ್ರಂಥಿಗೂ ಕ್ಯಾನ್ಸರ್ ಹರಡಿದ್ದವರನ್ನಷ್ಟೇ ಹೋಲಿಸಿದಾಗ ಬೇಗ ಪತ್ತೆಯಾದವರಲ್ಲಿ 62.1%, ಕಾದು ನೋಡಿದವರಲ್ಲಿ 41.5% ಬದುಕಿದ್ದರು. ಮಾರ್ಟನ್ ಪಕ್ಷದವರು ಈ ಅಂತರವನ್ನು ಎತ್ತಿಹಿಡಿದರು. ನನ್ನ ದೃಷ್ಟಿಯಲ್ಲಿ ಇದನ್ನು ಎಚ್ಚರದಿಂದ ಓದಬೇಕು. ಮೊದಲ ಗುಂಪಿನಲ್ಲಿ, ಬಿಟ್ಟಿದ್ದರೂ ಎಂದಿಗೂ ಬೆಳೆಯದೇ ಇದ್ದಿರಬಹುದಾದ ಕೆಲವೇ ಕೋಶಗಳಿದ್ದವರೂ ಸೇರಿರುತ್ತಾರೆ. ಎರಡನೆಯದರಲ್ಲಿ ಕಣ್ಣಿಗೆ ಕಾಣುವಷ್ಟು ಬೆಳೆದದ್ದು ಮಾತ್ರ ಎಣಿಕೆಗೆ ಬರುತ್ತದೆ. ಯಾದೃಚ್ಛಿಕತೆ ಕೊಟ್ಟ ಸಮತೋಲ ಅಲ್ಲಿಗೆ ಮುರಿದುಬೀಳುತ್ತದೆ. ಸಂಶಯಕ್ಕೆ ಎಡೆಯಿಲ್ಲದ ಲಾಭ ಬೇರೆಯದು: ಯಾರ ರೋಗ ಮರುಕಳಿಸುವ ಸಂಭವ ಹೆಚ್ಚು ಎಂಬುದನ್ನು ಆ ಒಂದು ಗ್ರಂಥಿ ಮೊದಲೇ ಹೇಳುತ್ತದೆ. ಮಧ್ಯಮ ದಪ್ಪದ ಗಡ್ಡೆಯಿದ್ದು ಆ ಗ್ರಂಥಿ ಶುದ್ಧವಾಗಿದ್ದ ರೋಗಿಗಳಲ್ಲಿ ಹತ್ತು ವರ್ಷ ಉಳಿದವರ ಪ್ರಮಾಣ 85.1%.

ಲಸಿಕೆಯ ಕನಸನ್ನು ಮಾರ್ಟನ್ ಬಿಟ್ಟಿರಲಿಲ್ಲ. ಮೂರು ಮೆಲನೋಮ ಕೋಶಸಂತತಿಗಳಿಂದ ತಯಾರಿಸಿದ ಕ್ಯಾನ್‌ವ್ಯಾಕ್ಸಿನ್ ಅವರ ದಶಕಗಳ ದುಡಿಮೆ. ಹಿಂದಿನ ರೋಗಿಗಳ ದಾಖಲೆಗಳೊಂದಿಗೆ ಹೋಲಿಸಿದಾಗ ಫಲಿತಾಂಶ ಆಶಾದಾಯಕವಾಗಿತ್ತು. ಯಾದೃಚ್ಛಿಕ ಪ್ರಯೋಗಗಳಲ್ಲಿ ಅದು ನಿಲ್ಲಲಿಲ್ಲ. 2005ರಲ್ಲಿ ಪ್ರಯೋಗಗಳನ್ನೇ ನಿಲ್ಲಿಸಬೇಕಾಯಿತು. ರೋಗನಿರೋಧಕ ಶಕ್ತಿಯಿಂದ ಮೆಲನೋಮವನ್ನು ಹಿಮ್ಮೆಟ್ಟಿಸುವ ಔಷಧಗಳು 2011ರಿಂದ ಬಂದವು. ಅವು ಬಂದದ್ದು ಲಸಿಕೆಯ ದಾರಿಯಿಂದಲ್ಲ, ಟಿ ಕೋಶಗಳಿಗೆ ಬಿದ್ದ ತಡೆ ತೆಗೆಯುವ ದಾರಿಯಿಂದ.

ಅವರೇ ಆರಂಭಿಸಿದ ಎರಡನೆಯ ಗ್ರಂಥಿ ಪ್ರಯೋಗದ ಫಲಿತಾಂಶವನ್ನು ಮಾರ್ಕ್ ಫೇರಿಸ್ ನೇತೃತ್ವದಲ್ಲಿ 2017ರಲ್ಲಿ ಪ್ರಕಟಿಸಲಾಯಿತು. ಕಾವಲು ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕವರ ಉಳಿದ ಗ್ರಂಥಿಗಳನ್ನೂ ತೆಗೆಯಬೇಕೇ ಎಂಬುದು ಪ್ರಶ್ನೆ. ತೆಗೆದವರಲ್ಲೂ, ಅಲ್ಟ್ರಾಸೌಂಡ್ ಮಾಡುತ್ತ ಕಾದವರಲ್ಲೂ ಮೂರು ವರ್ಷದ ಬದುಕುಳಿಯುವಿಕೆ 86%. ಕೈಕಾಲು ಊತ ಮಾತ್ರ ತೆಗೆದವರಲ್ಲಿ 24.1%, ಕಾದವರಲ್ಲಿ 6.3%. ಮಾರ್ಟನ್ ತಲೆಮಾರಿನವರು ಸಾವಿರಾರು ಸಲ ಮಾಡಿದ್ದ ಶಸ್ತ್ರಚಿಕಿತ್ಸೆ ಈ ರೋಗಿಗಳಲ್ಲಿ ಅಲ್ಲಿಂದಾಚೆಗೆ ಬಹುಮಟ್ಟಿಗೆ ನಿಂತಿತು.

ಗ್ರಂಥಿಗಳು ಬೆರಳಿಗೆ ಸಿಗುವಷ್ಟು ಊದಿಕೊಂಡವರಲ್ಲೂ ಈಗ ಅದೇ ಪ್ರಶ್ನೆ ಎದ್ದಿದೆ. ನೆದರ್ಲೆಂಡ್ಸ್ ಮತ್ತು ಆಸ್ಟ್ರೇಲಿಯಾದ ವೈದ್ಯರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 99 ರೋಗಿಗಳಿಗೆ ಶಸ್ತ್ರಚಿಕಿತ್ಸೆಗೂ ಮೊದಲೇ ಟಿ ಕೋಶಗಳ ತಡೆ ತೆಗೆಯುವ ಔಷಧ ಕೊಟ್ಟು, ಗುರುತು ಹಾಕಿಟ್ಟ ಒಂದೇ ಗ್ರಂಥಿಯನ್ನು ತೆಗೆದು ನೋಡಲಾಯಿತು. 60 ಮಂದಿಯಲ್ಲಿ ಕ್ಯಾನ್ಸರ್ ಬಹುಪಾಲು ಅಳಿದಿತ್ತು. ಅವರಲ್ಲಿ 59 ಮಂದಿಯ ಉಳಿದ ಗ್ರಂಥಿಗಳನ್ನು ಮುಟ್ಟಲಿಲ್ಲ.